ಮರಳು ಕೊಡವಿಕೊಂಡವನು

ಮಾರ್ಚ್ 3, ಸೋಮವಾರ

ನಾನು ಹ್ಞೂಂ ಅನ್ನದೆ ಈ ದಡಕ್ಕೆ ಇದುವರೆಗೆ ಒಂದು ಅಲೆಯೂ ಬಂದದ್ದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರೂ ಒಪ್ಪುವುದಿಲ್ಲ, ಅಷ್ಟೇ.

ನಮ್ಮ ದಡದಲ್ಲಿ ಏಳನೇ ಕ್ಲಾಸನ್ನು ಎರಡು ಸಲ ಓದಿದವನು ನಾನೊಬ್ಬನೇ. ಉಳಿದವರೆಲ್ಲ ಅರ್ಜೆಂಟಿನಲ್ಲಿ ಒಂದೇ ಸಲಕ್ಕೆ ಮುಗಿಸಿದವರು. ದೋಣಿಗಳ ಮೇಲೆ ಹೆಸರು, ನಂಬರು ಬರೆಯುವುದು ನನ್ನ ಕಸುಬು. ದೋಣಿ ಎಳೆದು ನಿಲ್ಲಿಸಲು ಇಲ್ಲಿ ಹದಿನಾಲ್ಕು ತಾಣಗಳಿವೆ. ತಾಣಕ್ಕೊಂದು ಕಲ್ಲು, ಕಲ್ಲಿಗೊಂದು ಅಂಕಿ. ಅಂಕಿಗಳೆಲ್ಲ ನನ್ನವು. ಅಕ್ಕನ ತಾಣದ ಒಂಬತ್ತಕ್ಕೆ ನಾನು ಎಳೆದ ಬಾಲವನ್ನು ನೋಡಿ ಮೇಷ್ಟ್ರೊಬ್ಬರು ಕಣ್ಣೀರು ಹಾಕಿದ್ದರು. ಅದು ಬಣ್ಣದ ಘಾಟಿಗೆ ಬಂದ ನೀರು ಎಂದು ನನ್ನವಳು ಹೇಳುತ್ತಾಳೆ. ಅವಳ ಬಾಯಿಗೆ ಬೀಗವಿಲ್ಲ.

ಇವತ್ತು ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದ, ಜೊತೆಗೆ ಕಂಪನಿಯವನೊಬ್ಬ. ಇಲ್ಲಿ ಹಡಗು ನಿಲ್ಲುವ ದೊಡ್ಡ ಜೆಟ್ಟಿ ಕಟ್ಟುತ್ತಾರಂತೆ. ನಾವು ದಡದವರು ಇಲ್ಲಿನ ಮೂಲ ಜನ ಎಂದು ಸರ್ಕಾರವೇ ಹಿಂದೆ ಒಪ್ಪಿಕೊಂಡಿರುವುದರಿಂದ ಇಡೀ ದಡ ಸೇರುವ ನಮ್ಮ ಕೂಟದ ಒಪ್ಪಿಗೆ ಬೇಕಂತೆ, ಅದೂ ನಮ್ಮದೇ ಪದ್ಧತಿಯಲ್ಲಿ. ಅಧಿಕಾರಿ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾನೆ, ಅದರಿಂದಲೇ ಕಂಕುಳು, ಅದರಿಂದಲೇ ಬಾಯಿ. ನೋಡುತ್ತಿದ್ದ ಹಾಗೆ ನನ್ನ ಬೆಳಗಿನ ತಿಂಡಿ ಗಂಟಲವರೆಗೆ ಬಂದು ವಿಚಾರಿಸಿಕೊಂಡು ಹೋಯಿತು. ಕಂಪನಿಯವನು ಮೈತುಂಬ ಸೆಂಟು ಸುರಿದುಕೊಂಡಿದ್ದ. ನಮ್ಮ ಒಣಮೀನಿನ ವಾಸನೆಯ ಮೇಲೆ ಆ ಸೆಂಟು ಬಿದ್ದದ್ದು ಹೇಗಿತ್ತೆಂದರೆ, ಸತ್ತ ಇಲಿಗೆ ಸಿಂಗಾರ ಮಾಡಿದ ಹಾಗೆ.

"ನಿಮ್ಮ ಮುಖ್ಯಸ್ಥರು ಯಾರು?" ಎಂದ ಅಧಿಕಾರಿ.

ನಮ್ಮಲ್ಲಿ ಮುಖ್ಯಸ್ಥರೆಂದು ಯಾರೂ ಇಲ್ಲ. ಕೂಟ ಕರೆಯುವವಳು ಒಬ್ಬಳಿರುತ್ತಾಳೆ, ಈಗ ನನ್ನ ಅಕ್ಕನ ಮಗಳು. ಕರೆಯುವುದರಲ್ಲೇ ಅವಳ ಅಧಿಕಾರ ಮುಗಿಯುತ್ತದೆ. ಆದರೆ ಅವಳು ಐಸ್ ಫ್ಯಾಕ್ಟರಿಯಲ್ಲಿ ಕೆಲಸದ ಮೇಲಿದ್ದಳು, ಎದುರಿಗೆ ನಾನಿದ್ದೆ. ನನ್ನನ್ನು ಎಲ್ಲರೂ ದೊರೆ ಎಂದೇ ಕರೆಯುತ್ತಾರೆ. ಅದು ಗೇಲಿ ಎಂದು ಕೆಲವರ ಅಭಿಪ್ರಾಯ.

"ನಾನೇ," ಎಂದೆ. "ಹನ್ನೆರಡು ತಲೆಮಾರಿನಿಂದ."

"ಕೂಟ ಒಪ್ಪಿಗೆ ಕೊಡೋದು ಹೇಗೆ?"

"ನಾನು ಎದ್ದು ಮರಳು ಕೊಡವಿಕೊಂಡ್ರೆ ಒಪ್ಪಿಗೆ. ಕೂತೇ ಇದ್ರೆ ಇಲ್ಲ."

ಇದು ಅರ್ಧ ನಿಜ. ಅವನು ಪೂರ್ತಿ ಬರೆದುಕೊಂಡು ಸಹಿ ಹಾಕಿಸಿಕೊಂಡ. ನನ್ನ ಸಹಿ ನೋಡಿ ಸೆಂಟಿನವನು, "ಇದು ರಾಜರ ಕೈ," ಎಂದ. ಮನುಷ್ಯ ಹೇಸಿಗೆ, ಆದರೆ ಕಣ್ಣಿದೆ.

ಮಾರ್ಚ್ 4, ಮಂಗಳವಾರ

ಅಕ್ಕನ ಮಗಳು ಫ್ಯಾಕ್ಟರಿಯಿಂದ ನೇರವಾಗಿ ಬಂದಳು. ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನನ್ನ ಒಣಗುತ್ತಿದ್ದ ಹಲಗೆಯ ಮೇಲೆಯೇ.

"ನೀನು ಮುಖ್ಯಸ್ಥ ಅಂದ್ಯಂತೆ ಮಾವ?"

"ಅವ್ನು ಕೇಳ್ದ, ನಾನು ಉತ್ರ ಕೊಟ್ಟೆ. ಮನೆಗೆ ಬಂದೋರು ಬರಿಗೈಲಿ ಹೋಗ್ಬಾರ್ದಲ್ಲ."

"ಯಾವ ಹನ್ನೆರಡು ತಲೆಮಾರು? ನಮ್ಮಜ್ಜನ ಅಪ್ಪನ ಹೆಸರೇ ನಿಂಗೆ ಗೊತ್ತಿಲ್ಲ."

"ಹೆಸರೇ ಗೊತ್ತಿಲ್ದಷ್ಟು ಹಳೇ ವಂಶ ನೋಡು ಹಾಗಾದ್ರೆ."

ಅವಳು ನಗಲಿಲ್ಲ. ನಮ್ಮಕ್ಕನ ರಕ್ತ, ನಗುವಿಗೂ ಐಸ್ ಹಾಕಿ ಇಡುತ್ತಾರೆ. "ಎದ್ದೋನು ತನ್ನ ಪಾಲಿಗೆ ಮಾತ್ರ ಏಳೋದು ಮಾವ. ಎಲ್ರೂ ಎದ್ರೇ ಒಪ್ಪಿಗೆ. ಒಬ್ರು ಕೂತಿದ್ರೂ ಇಲ್ಲ. ಅದನ್ನ ಹೇಳ್ಬೇಕಿತ್ತು," ಎಂದು ಹೋದಳು.

ನನಗೇ ಪಾಠ. ಈ ಕೂರುವ ಪದ್ಧತಿ ಎಲ್ಲಿಂದ ಬಂತೆಂದು ಅವಳ ತೊಟ್ಟಿಲು ತೂಗುತ್ತ ಹೇಳಿದವನೇ ನಾನು. ಲೈಟ್‌ಹೌಸ್ ಕಟ್ಟಲು ಮೊದಲ ಸಲ ನಮ್ಮನ್ನು ಗುಡ್ಡದ ಬುಡದಿಂದ ಎಬ್ಬಿಸಿದಾಗ, ಬಂದೂಕಿನವರು ಬಂದು ಒಪ್ಪಿಗೆಯಾ ಎಂದು ಕೇಳಿದರಂತೆ. ಬೇಡ ಎಂದವರನ್ನು ಹಿಡಿದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಎರಡನೆಯ ಸಲ ರಸ್ತೆಗೆ ಜಾಗ ಕೇಳಲು ಬಂದಾಗ ನಮ್ಮವರು ಬಾಯಿ ಬಿಡಲಿಲ್ಲ, ಸುಮ್ಮನೆ ಮರಳಿನ ಮೇಲೆ ಕೂತರು. ಬೇಡ ಎಂದವನನ್ನು ಹಿಡಿಯಬಹುದು, ಕೂತವನನ್ನು ಯಾವ ಕಾರಣಕ್ಕೆ ಹಿಡಿಯುತ್ತಾರೆ? ಬಂದವರಿಗೆ ಬಿಸಿಲು ಏರಿತು, ಹೋದರು. ರಸ್ತೆ ಅರ್ಧ ಮೈಲಿ ಸುತ್ತಿಕೊಂಡು ಹೋಯಿತು. ಅಂದಿನಿಂದ ನಮ್ಮಲ್ಲಿ ಕೂತರೆ ಬೇಡ ಎಂದು, ಎದ್ದು ಮರಳು ಕೊಡವಿಕೊಂಡರೆ ಹೂಂ ಎಂದು. ಯಾವ ತಾಣ ಯಾರ ದೋಣಿಗೆ ಎಂಬುದರಿಂದ ಹಿಡಿದು ಯಾವ ಹುಡುಗಿ ಯಾವ ಮನೆಗೆ ಎಂಬುದರವರೆಗೆ ಎಲ್ಲಕ್ಕೂ ಇದೇ.

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ನನ್ನನ್ನು ನೋಡಿದ ದಿನ ಬೆಳಿಗ್ಗೆ ಕೂತವನು ಸಂಜೆಯಾದರೂ ಏಳಲಿಲ್ಲ. ಕೊನೆಗೆ ಎದ್ದ. "ಕಾಲು ಜೋಮು ಹಿಡಿದು ಎದ್ದಿದ್ದು, ನೀವು ಒಪ್ಪಿಗೆ ಅಂತ ಕುಣಿದ್ರಿ," ಎಂದು ನನ್ನವಳು ಇವತ್ತಿಗೂ ಹೇಳುತ್ತಾಳೆ.

ಮಾರ್ಚ್ 15, ಶನಿವಾರ

ನಿಧಾನವಾಗಿ ಬರೆಯುತ್ತೇನೆ. ಸಿಟ್ಟಿಗೆ ಅಕ್ಷರ ವಕ್ರವಾಗಬಾರದು.

ಬೆಳಿಗ್ಗೆ ಕೂಟ. ಎಲ್ಲರೂ ಮರಳಿನ ಮೇಲೆ ಕೂತರು, ಕೈಕೂಸುಗಳು ಸೇರಿ. ಅಧಿಕಾರಿಗೂ ಸೆಂಟಿನವನಿಗೂ ಪ್ಲಾಸ್ಟಿಕ್ ಕುರ್ಚಿ. ನಾನು ಮುಂದಿನ ಸಾಲಿನಲ್ಲಿ, ಹೊಸ ಕಪ್ಪು ಪ್ಯಾಂಟಿನಲ್ಲಿ. ಅಧಿಕಾರಿ ಓದಿದ, ಕತ್ತು ಒರೆಸಿಕೊಂಡ, "ಒಪ್ಪಿಗೆಯಾ?" ಎಂದ. ಯಾರೂ ಅಲುಗಲಿಲ್ಲ. ಎಲ್ಲರ ಕಣ್ಣು ನೀರಿನ ಮೇಲೆ. ಅಷ್ಟಕ್ಕೇ ಬಿಟ್ಟಿದ್ದರೆ ಬಿಸಿಲು ಏರುತ್ತಿತ್ತು, ಅವರು ಹೋಗುತ್ತಿದ್ದರು.

ಸೆಂಟಿನವನು ಬಗ್ಗಿ, "ಮುಖ್ಯಸ್ಥರು ಎರಡು ಮಾತಾಡ್ಲಿ ಸಾರ್," ಎಂದ.

ನನ್ನಲ್ಲಿ ಭಾಷಣ ತಯಾರಿತ್ತು. ಒಂದು ವಾರದಿಂದ ದೋಣಿಗಳ ಹೊಟ್ಟೆಯ ಕೆಳಗೆ ಮಲಗಿ ನಂಬರು ಬರೆಯುತ್ತ ಬಾಯಿಪಾಠ ಮಾಡಿದ್ದೆ. ಜೆಟ್ಟಿ ಬೇಡ ಎನ್ನುವ ಭಾಷಣವೇ. ಕೂತುಕೊಂಡು ಭಾಷಣ ಮಾಡಲು ನಾನೇನು ಹಲ್ಲುನೋವಿನ ರೋಗಿಯೇ? ಎದ್ದೆ. ಹೊಸ ಪ್ಯಾಂಟಿನ ಹಿಂಭಾಗಕ್ಕೆ ಮರಳು ಅಂಟಿತ್ತು. ಎರಡೂ ಕೈಯಲ್ಲಿ ಚೆನ್ನಾಗಿ ಕೊಡವಿಕೊಂಡೆ.

ಬೆನ್ನ ಹಿಂದೆ ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. ಮೆಚ್ಚುಗೆ ಎಂದುಕೊಂಡೆ.

ಭಾಷಣ ಅದ್ಭುತವಾಗಿತ್ತು. "ನಿಮ್ಮ ಜೆಟ್ಟಿ ನಿಮ್ಮ ಅತ್ತೆ ಮನೆ ಅಂಗಳದಲ್ಲಿ ಕಟ್ಕೊಳ್ಳಿ," ಎನ್ನುವಲ್ಲಿ ನನಗೇ ರೋಮಾಂಚನವಾಯಿತು. ಮುಗಿದಾಗ ಚಪ್ಪಾಳೆ ತಟ್ಟಿದವನು ಸೆಂಟಿನವನೊಬ್ಬನೇ. ಅಧಿಕಾರಿ ಪೆನ್ನಿನ ಕ್ಯಾಪು ಮುಚ್ಚಿದ.

"ಆಯ್ತು. ಕೂಟದ ಒಪ್ಪಿಗೆ ಇದೆ."

"ಬೇಡ ಅಂದ್ನಲ್ಲ ಸಾರ್, ಇಷ್ಟೊತ್ತು."

"ಬಾಯಲ್ಲಿ ಅಂದ್ರಿ. ಬಾಯಲ್ಲಿ ಹೇಳೋದು ನಮ್ಮ ಪದ್ಧತಿ. ಏಳೋದು ನಿಮ್ಮ ಪದ್ಧತಿ. ನಾವು ನಿಮ್ಮ ಪದ್ಧತಿಗೇ ಗೌರವ ಕೊಡ್ಬೇಕು. ನೀವೇ ಸಹಿ ಹಾಕಿ ಕೊಟ್ಟಿದ್ದೀರಿ."

ಅಕ್ಕನ ಮಗಳು ಕೂತಲ್ಲಿಂದಲೇ ಹೇಳಿದಳು. "ಸಾರ್, ಅವರು ನನ್ನ ಮಾವ. ಮುಖ್ಯಸ್ಥರಲ್ಲ. ನಮ್ಮಲ್ಲಿ ಮುಖ್ಯಸ್ಥರೇ ಇಲ್ಲ. ಕೂತಿರೋರನ್ನ ನೋಡಿ."

ಅಧಿಕಾರಿ ನನ್ನ ಕಡೆ ತಿರುಗಿದ. "ಏನ್ರೀ, ನೀವು ಮುಖ್ಯಸ್ಥರು ಹೌದೋ ಅಲ್ವೋ? ಒಂದು ಹೇಳಿ."

ಇಡೀ ದಡ ನನ್ನನ್ನೇ ನೋಡುತ್ತಿತ್ತು. ಜೀವಮಾನದಲ್ಲಿ ಒಂದು ಸಲವೂ ಅಷ್ಟೂ ಜನ ಒಟ್ಟಿಗೆ ನನ್ನನ್ನು ನೋಡಿದ್ದಿಲ್ಲ. ಆ ಹೊತ್ತಿನಲ್ಲಿ ಅಲ್ಲ ಎನ್ನುವುದು ಹೇಗೆ?

"ಹೌದು," ಎಂದೆ.

ಅವನು ಅದೇ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಥೂ, ಕೊಳಕ.

ಮಾರ್ಚ್ 16, ಭಾನುವಾರ

ಜೆಟ್ಟಿಗೆ ಹೋಗುವುದು ಎರಡು ತಾಣ, ಅಷ್ಟೇ. ಆ ತುದಿಯಲ್ಲಿ ಮೀನಿನ ಕರುಳು ಕೊಳೆತು ನಾರುತ್ತದೆ, ಯಾರಾದರೂ ದೋಣಿ ಎಳೆದು ನಿಲ್ಲಿಸುವುದೇ ಅಪರೂಪ. ಎರಡು ತಾಣಕ್ಕೆ ಇಷ್ಟು ಗೋಳೆ?

ಮಾರ್ಚ್ 27, ಗುರುವಾರ

ತಂತಿಬೇಲಿ ಬಂತು. ಕಂಬ ಹೊಡೆಯುವ ಯಂತ್ರ ಕಕ್ಕಿದ ಕರಿ ಎಣ್ಣೆ ನೀರಿನ ಮೇಲೆ ನವಿಲುಗರಿಯ ಬಣ್ಣದಲ್ಲಿ ತೇಲುತ್ತಿದೆ. ಅದನ್ನು ನೋಡಿ ಚೆಂದ ಎಂದ ಸೆಂಟಿನವನ ಮೋರೆಗೆ ನನ್ನ ಬ್ರಶ್ಶು ಬಳಿಯಬೇಕೆನಿಸಿತು. ಬಳಿಯಲಿಲ್ಲ. ಅವನು ಒಂದು ಬೋರ್ಡು ಬರೆಸಲು ಬಂದಿದ್ದ. ಈ ಸುತ್ತಮುತ್ತ ಅಕ್ಷರವೆಂದರೆ ನಾನೇ ಎಂದು ಅವನಿಗೂ ಗೊತ್ತಾಗಿದೆ. ಬರೆದುಕೊಟ್ಟೆ. "ಅಪ್ಪಣೆಯಿಲ್ಲದೆ ಒಳಗೆ ಬರಬಾರದು." ಆಳೆತ್ತರದ ಅಕ್ಷರ, ನೆರಳು ಸಮೇತ. ಕೆಲಸ ಕೆಲಸವೇ.

ಮನೆಗೆ ಬಂದು ಕೈ ತೊಳೆದೆ. ಸೀಮೆಎಣ್ಣೆಯಲ್ಲಿ, ಸೋಪಿನಲ್ಲಿ, ಮತ್ತೆ ಸೀಮೆಎಣ್ಣೆಯಲ್ಲಿ. ಕೆಂಪು ಬಣ್ಣ ಉಗುರಿನ ಸಂದಿ ಬಿಡುತ್ತಿಲ್ಲ. ಅನ್ನ ಕಲಸಲು ಅಸಹ್ಯವಾಗಿ ಚಮಚ ಕೇಳಿದೆ. ನನ್ನವಳು ಚಮಚ ಕೊಟ್ಟಳು, ಮಾತು ಕೊಡಲಿಲ್ಲ.

ಏಪ್ರಿಲ್ 2, ಬುಧವಾರ

ಅಕ್ಕ ಮಾತು ಬಿಟ್ಟು ಎಷ್ಟೋ ದಿನವಾಯಿತು. ಇವತ್ತು ಎದುರಿಗೆ ಸಿಕ್ಕಾಗ ನನ್ನನ್ನು ಬಿಟ್ಟು ನನ್ನ ಹಿಂದಿನ ಗೋಡೆಯನ್ನು ನೋಡಿದಳು. ಗೋಡೆಯ ಮೇಲೆ ಹಲ್ಲಿಯಿತ್ತು. ಹಲ್ಲಿಗೆ ಸಿಕ್ಕ ಮರ್ಯಾದೆ ನನಗಿಲ್ಲ.

ನಾಲ್ಕು ತಾಣ ಎಂದು ಇಟ್ಟುಕೊಳ್ಳೋಣ. ಆದರೂ ದೋಣಿಗಳು ಹೀಗೆ ಒಂದರ ಮೇಲೊಂದು ಬೀಳುವಂಥದ್ದೇನಿದೆ? ಬೆಳಿಗ್ಗೆ ದಡಕ್ಕೆ ಬಂದವರು ನೀರಿನಲ್ಲೇ ಸರದಿ ಕಾಯುತ್ತಾರೆ. ಒಂದು ದೋಣಿಯ ಮೂಗು ಇನ್ನೊಂದರ ಪಕ್ಕೆ ಸೀಳಿತು. ನಿನ್ನೆ ಬರೆದ ನಂಬರು ಸಿಪ್ಪೆ ಎದ್ದು ಹೋಗಿದೆ. ಕಾದು ಕಾದು ಮೀನು ಬುಟ್ಟಿಯಲ್ಲೇ ಮೆತ್ತಗಾಗಿ ಕಿವಿರು ಕಂದುತ್ತದೆ, ಹೆಂಗಸರು ಮೂಗು ಮುಚ್ಚಿಕೊಂಡು ಅದನ್ನು ತಿರುಗಿ ನೀರಿಗೆ ಸುರಿಯುತ್ತಾರೆ. ದಡವೆಲ್ಲ ನೊಣ. ಉಸಿರಾಡಿದರೆ ಬಾಯಿಗೇ ಬರುತ್ತವೆ.

ಏಪ್ರಿಲ್ 9, ಬುಧವಾರ

ಅಕ್ಕನ ಕಲ್ಲು ಬೇಲಿಯ ಒಳಗೆ ಉಳಿದಿದೆ. ಅದನ್ನಾದರೂ ಕಿತ್ತು ತಂದು ಅವಳ ಬಾಗಿಲಲ್ಲಿ ಇಟ್ಟರೆ ನನ್ನ ಕಡೆ ಮೋರೆ ತಿರುಗಿಸಬಹುದೆಂದು ಸಬ್ಬಲು ಹಿಡಿದು ಹೋದೆ. ಕಾವಲುಗಾರ ತಡೆದ. ಎಳೆಯ ಮೀಸೆ, ಬಾಯಿ ತುಂಬ ಎಂಥದೋ ಜಗಿಯುತ್ತಿದ್ದ, ತುಟಿಯ ಮೂಲೆಯಲ್ಲಿ ನೊರೆ.

"ಬೋರ್ಡ್ ಓದೋಕೆ ಬರಲ್ವಾ ಅಜ್ಜ?"

"ಬರೆದೋನೇ ನಾನು."

"ಹಾಗಾದ್ರೆ ನಿಂಗೆ ಚೆನ್ನಾಗಿ ಗೊತ್ತಿರ್ಬೇಕಲ್ಲ."

ಅಜ್ಜ ಅಂತೆ. ನನ್ನ ತಲೆಯಲ್ಲಿ ಇನ್ನೂ ಕಪ್ಪು ಕೂದಲಿದೆ. ಅವನ ಭುಜದ ಮೇಲಿಂದ ಇಣುಕಿದೆ. ಒಂಬತ್ತರ ಕಲ್ಲಿನ ಮೇಲೆ ಸಿಮೆಂಟ್ ಚೀಲ ಒಟ್ಟಿದ್ದರು. ಬಾಲ ಮಾತ್ರ ಕಾಣುತ್ತಿತ್ತು.

ಏಪ್ರಿಲ್ 11, ಶುಕ್ರವಾರ

ಅಕ್ಕನ ಮಗಳು ಬಂದು ಹೊಸ್ತಿಲ ಮೇಲೆ ಕೂತಳು.

"ಉಳಿದಿರೋ ಜಾಗಾನೂ ಕೇಳ್ತಿದ್ದಾರೆ ಮಾವ. ಹೊಸ ಕೂಟ ಬೇಡವಂತೆ, ಮುಖ್ಯಸ್ಥರ ಸಹಿ ಸಾಕಂತೆ. ನಿನ್ ಹತ್ರಾನೇ ಬರ್ತಾರೆ."

"ಬರ್ಲಿ. ಒದ್ದು ಕಳಿಸ್ತೀನಿ."

"ಒದೆಯೋದು ಬೇಡ. ನೀನು ಒದ್ರೆ ಅದಕ್ಕೂ ಒಪ್ಪಿಗೆ ಅಂತ ಬರ್ಕೋತಾರೆ." ಅಷ್ಟು ಹೇಳಿ ಗವಸು ಕಳಚಿದಳು. ಬೆರಳೆಲ್ಲ ಬಿಳಿಚಿ ನೀರಲ್ಲಿ ನೆನೆದ ಹೆಣದ ಬೆರಳಿನ ಹಾಗಿದ್ದವು. ಐಸಿನ ಕೆಲಸ. "ದೊಡ್ಡ ಆಫೀಸಲ್ಲಿ ಮೇಡಂ ಒಬ್ರಿದ್ದಾರೆ. ನಮ್ಮ ಅರ್ಜಿ ತಗೊಂಡಿದ್ದಾರೆ. ನೀನು ಬಂದು ಎದುರಿಗೆ ನಿಂತು ಹೇಳ್ಬೇಕು. ನಾನು ಮುಖ್ಯಸ್ಥ ಅಲ್ಲ, ಸುಳ್ಳು ಹೇಳ್ದೆ ಅಂತ. ನೀನು ಹೇಳದಿದ್ರೆ ಉಳಿದದ್ದೂ ಹೋಯ್ತು. ಆಮೇಲೆ ನಾವು ದಡದವರು ಅಲ್ಲ, ರಸ್ತೆಯವರು."

"ಸುಳ್ಳು ಅನ್ನೋ ಪದಾನೇ ಬೇಕಾ? ತಪ್ಪು ತಿಳುವಳಿಕೆ ಅಂದ್ರೆ ಆಗಲ್ವಾ?"

ಅವಳು ಹೊಸ್ತಿಲ ಮೇಲೆ ಕೂತೇ ಇದ್ದಳು. ನನ್ನವಳು ಟೀ ಕೊಟ್ಟಳು. ಟೀ ಆರಿ ಕೆನೆ ಕಟ್ಟಿತು.

ಏಪ್ರಿಲ್ 12, ಶನಿವಾರ

ಹೋಗುವುದಿಲ್ಲ. ನನಗೂ ಒಂದು ಘನತೆ ಇದೆ.

ಏಪ್ರಿಲ್ 24, ಗುರುವಾರ

ಹೋದೆ. ಬಸ್ಸಿನಲ್ಲಿ ಯಾರೋ ವಾಂತಿ ಮಾಡಿದ್ದರು, ಅದರ ಮೇಲೆ ಮರಳು ಚೆಲ್ಲಿದ್ದರು. ಆಫೀಸಿನ ಮೆಟ್ಟಿಲಿನ ಮೂಲೆಗಳಲ್ಲಿ ಉಗುಳು, ನೀರಿನ ಡ್ರಮ್ಮಿನ ಲೋಟಕ್ಕೆ ಸರಪಳಿ, ಲೋಟದ ಅಂಚಿಗೆ ನೂರು ಜನರ ತುಟಿ. ಎಲ್ಲ ಸರಿಯಾಗಿ ನೋಡಿಟ್ಟಿದ್ದೇನೆ, ಏಕೆಂದರೆ ಒಳಗೆ ಹೋಗುವುದನ್ನು ಮುಂದೆ ಹಾಕಲು ಬೇರೆ ನೋಡುವಂಥದ್ದು ಏನೂ ಇರಲಿಲ್ಲ.

ಮೇಡಂ ತಲೆ ಎತ್ತದೆ ಕೇಳಿದರು. "ನೀವು ಯಾರು?"

ಹನ್ನೆರಡು ತಲೆಮಾರು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಮಗಳು ಪಕ್ಕದಲ್ಲಿ ನೆಲ ನೋಡುತ್ತಿದ್ದಳು.

"ದೋಣಿಗೆ ನಂಬರು ಬರೆಯೋನು," ಎಂದೆ.

"ಮುಖ್ಯಸ್ಥರು?"

"ಅಲ್ಲ. ನಮ್ಮಲ್ಲಿ ಯಾರೂ ಇಲ್ಲ. ಸುಳ್ಳು ಹೇಳಿದ್ದೆ."

"ಯಾಕೆ?"

"ಅವರು ಕೇಳಿದ್ರು. ನನ್ನನ್ನ ಅದುವರೆಗೆ ಯಾರೂ ಏನೂ ಕೇಳಿರ್ಲಿಲ್ಲ."

ಮೇಡಂ ಆಗ ತಲೆ ಎತ್ತಿದರು. ಹೊಡೆದ ಕಂಬ ಕೀಳಿಸಲು ತಮ್ಮಿಂದಾಗದು, ಆದರೆ ಉಳಿದ ಜಾಗಕ್ಕೆ ಸರಿಯಾದ ಕೂಟ ಆಗಲೇಬೇಕು, ಪ್ರತಿಯೊಬ್ಬರೂ ಎದ್ದರೆ ಮಾತ್ರ ಒಪ್ಪಿಗೆ ಎಂದು ಬರೆದುಕೊಟ್ಟರು. ಮೂಗಿನ ತುದಿಯಲ್ಲಿ ಕನ್ನಡಕ, ಬೆರಳಿಗೆ ಶಾಯಿ. ಅವರ ಅಕ್ಷರ ಮಾತ್ರ ಕಾಗೆ ಕಾಲು. ಯಾರಿಗೂ ಎಲ್ಲವೂ ಇರುವುದಿಲ್ಲ.

ವಾಪಸು ಬರುವಾಗ ಅಕ್ಕನ ಮಗಳು ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟಳು. ಗಾಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬಣ್ಣದ ಘಾಟು ಇರಲಿಲ್ಲ.

ಮೇ 6, ಮಂಗಳವಾರ

ಕೂಟ ಆಯಿತು.

ಅದೇ ಅಧಿಕಾರಿ, ಅದೇ ಕರವಸ್ತ್ರ. ಈಗ ಅದು ಹಳದಿಗೆ ತಿರುಗಿದೆ. ಸೆಂಟಿನವನು ಹೊಸ ಸೆಂಟಿನಲ್ಲಿ. ನನಗೊಂದು ಕುರ್ಚಿ ತಂದಿಟ್ಟು, "ದೊರೆ, ಮೇಲೆ ಬನ್ನಿ," ಎಂದ. ಕುರ್ಚಿಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು, ಅದಕ್ಕೇ ನಾನು ಹಿಂದಿನ ಸಾಲಿನಲ್ಲಿ ಹಳೆಯ ಲುಂಗಿಯಲ್ಲಿ ಕೂತೆ. ಬೇರೆ ಕಾರಣವಿಲ್ಲ.

ಅಧಿಕಾರಿ ಓದಿ, ಒಪ್ಪಿಗೆಯಾ ಎಂದ. ಕೂತೆವು. ಬಿಸಿಲು ಏರಿತು. ಸೆಂಟಿನವನು ತಂಪು ಪಾನೀಯದ ಬಾಟಲಿಗಳನ್ನು ತರಿಸಿ ಬೇಲಿಯ ಹತ್ತಿರ ಇಡಿಸಿದ. "ಬಂದು ತಗೊಳ್ಳಿ, ಎಲ್ರಿಗೂ ಇದೆ," ಎಂದ. ಬಂದು ತೆಗೆದುಕೊಳ್ಳಬೇಕಾದರೆ ಏಳಬೇಕಲ್ಲ. ಬಾಟಲಿಗಳು ಬೆವರುತ್ತ ನಿಂತವು, ನೊಣಗಳು ಕುಡಿದವು. ನನ್ನ ಎಡಗಾಲು ಮೊದಲು ಇರುವೆ ಮುತ್ತಿದ ಹಾಗಾಯಿತು, ಆಮೇಲೆ ಯಾರದೋ ಕಾಲಾಯಿತು. ಬೆವರು ಬೆನ್ನಲ್ಲಿ ಇಳಿದು ಮರಳಿಗೆ ಅಂಟಿತು. ನನ್ನ ಮೈಯ ವಾಸನೆ ನನಗೇ ಸಾಕಾಗಿತ್ತು. ಮೂತ್ರಕ್ಕೆ ಬೇರೆ ಅವಸರ. ಸೆಂಟಿನವನು ನನ್ನನ್ನೇ ನೋಡುತ್ತಿದ್ದ. ಎದ್ದೇ ಏಳುತ್ತಾನೆ ಎಂಬ ನಂಬಿಕೆ ಅವನ ಮೋರೆಯ ಮೇಲೆ ಎಣ್ಣೆಯ ಹಾಗೆ ಹೊಳೆಯುತ್ತಿತ್ತು. ನನಗೆ ಭಾಷಣವೂ ಒಂದು ಬಂದಿತ್ತು, ಹಿಂದಿನದಕ್ಕಿಂತ ಚೆನ್ನಾದದ್ದು. ನುಂಗಿದೆ.

ಕೊನೆಗೆ ಅಧಿಕಾರಿಯೇ ಎದ್ದ. "ಒಪ್ಪಿಗೆ ಇಲ್ಲ," ಎಂದು ಬರೆದುಕೊಂಡು ಹೋದ. ಪ್ಯಾಂಟು ಕೊಡವಿಕೊಂಡೇ ಹೋದ, ಅವನಿಗೇ ಗೊತ್ತಿಲ್ಲದೆ.

ಎಲ್ಲರೂ ಎದ್ದು ಮನೆಗೆ ಹೋದರು. ನನಗೆ ಏಳಲಾಗಲಿಲ್ಲ. ಸೊಂಟದಿಂದ ಕೆಳಗೆ ಎರಡು ಬಾಳೆದಿಂಡು. ನನ್ನವಳು ತಿರುಗಿ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ನಮ್ಮಪ್ಪನಿಗೆ ಇಷ್ಟು ಗಟ್ಟಿ ಕಾಲಿದ್ದಿದ್ರೆ ನಾನು ಬಚಾವಾಗ್ತಿದ್ದೆ," ಎಂದಳು.

ಎಷ್ಟು ದಿನದ ಮೇಲೆ ಬಂದ ಮಾತು. ನನ್ನ ಲುಂಗಿಯ ಮರಳನ್ನು ಅವಳೇ ಕೊಡವಿದಳು.

ಮೇ 8, ಗುರುವಾರ

ಉಳಿದ ಕಲ್ಲುಗಳಿಗೆ ಇವತ್ತು ಹೊಸ ಬಣ್ಣ ಬಳಿದೆ. ಒಂದು, ಎರಡು, ಮೂರು. ಮೂರಕ್ಕೆ ಎಂಥ ಬಾಲ ಎಳೆದರೂ ಒಂಬತ್ತರದ್ದು ಬರುವುದಿಲ್ಲ.

ಅಕ್ಕ ಬಂದು ಹಿಂದೆ ನಿಂತದ್ದು ನೆರಳಿನಿಂದ ಗೊತ್ತಾಯಿತು.

"ಮುಗೀತಾ?"

ಮಾತು ಬಿಟ್ಟ ಮೇಲೆ ಅವಳ ಮೊದಲ ಮಾತು. ಬ್ರಶ್ಶು ಕೈಯಿಂದ ಜಾರಿ ಮರಳಿಗೆ ಬಿತ್ತು.

"ಮುಗೀತು ಅಕ್ಕ."

"ಹಾಗಾದ್ರೆ ಹೋಗಿದ್ದೆಷ್ಟು, ಏಳನೇ ಕ್ಲಾಸ್ ಎರಡು ಸಲ ಓದಿದೋನೆ?"

"ಲೆಕ್ಕ ನಂದಲ್ಲ. ನಂದು ಬರಹ."

ಅವಳು ಮೂರನೆಯ ಕಲ್ಲಿನ ಪಕ್ಕದಲ್ಲಿ ಮರಳಿನ ಮೇಲೆ ಕೂತಳು. ನಾನು ಡಬ್ಬಿ ಮುಚ್ಚಿದೆ, ಬ್ರಶ್ಶು ತೊಳೆದೆ, ಮನೆಗೆ ಬಂದೆ, ಊಟ ಮಾಡಿದೆ. ಕಿಟಕಿಯಿಂದ ಕಾಣುತ್ತದೆ, ಇನ್ನೂ ಕೂತಿದ್ದಾಳೆ. ಆ ಮಂಡಿಯಲ್ಲಿ ವಾತ, ಕೂತರೆ ಏಳಲು ಇಬ್ಬರು ಬೇಕು. ನಾನೇ ಹೋಗಿ ಅವಳ ಎದುರಿಗೆ ಕೂತು ಹೇಳಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಕೈ ಒಪ್ಪುತ್ತದೋ ಇಲ್ಲವೋ ಎಂದು.

ಹೋದದ್ದು ಎರಡು ಎಂದು ಬರೆದದ್ದು ನನ್ನದೇ ಕೈ. ನಾಲ್ಕು ಎಂದದ್ದೂ. ಎಂಥ ಚೆಂದದ ಅಂಕಿಗಳು, ನೋಡಲು ಹೇಸಿಗೆಯಾಗುತ್ತದೆ.

ಹನ್ನೊಂದು. ಹದಿನಾಲ್ಕರಲ್ಲಿ ಹನ್ನೊಂದು, ಅವಳ ಒಂಬತ್ತೂ ಸೇರಿ.